ತಟ್ಟೆಯ ತಳ

ಟೋ ಕ್ವಾ ವಾನಿನ ಹಿಂಬೀದಿ,
ಟೈರು ಬದಲಿಸುವ ಎರಡು ಅಂಗಡಿಗಳ ನಡುವೆ
ಹಸಿರು ತಗಡಿನ ಗೂಡು.
ಮಡಚುವ ಮೇಜು ಆರು. ಏಳನೆಯದರ ಒಂದು ಕಾಲು ಮೋಟು,
ಅದರಡಿ ಮಡಿಸಿಟ್ಟ ಹಳೆಯ ಕುದುರೆಜೂಜಿನ ಪತ್ರಿಕೆ.
ಅದೇ ನನ್ನ ಜಾಗ.

ರಾತ್ರಿ ಹನ್ನೊಂದೂವರೆ.
ಹದಿನೇಳಕ್ಕೂ ಹದಿನೆಂಟಕ್ಕೂ ನಡುವೆ ನಿಂತುಹೋದ ಲಿಫ್ಟನ್ನು
(ಒಳಗೊಬ್ಬಳು ಮುದುಕಿ, ಅವಳ ಚೀಲದಲ್ಲಿ ಒದ್ದಾಡುವ ಮೀನು)
ಇಳಿಸಿ ಬಂದಿದ್ದೇನೆ. ಉಗುರ ಸಂದಿಯಲ್ಲಿ ಗ್ರೀಸು.
"ದನದ್ದು, ರಸವಿಲ್ಲದೆ ಹುರಿದದ್ದು" ಅನ್ನುವ ಮೊದಲೇ
ಚೀಟಿ ಬರೆದು ಮುಗಿಸಿದ್ದಾನೆ ಸೀಟೋ ಮುದುಕ.

ಅವನ ಭುಜ ಹೋಗಿ ಎರಡು ವರ್ಷ.
ನಲವತ್ತು ವರ್ಷ ಕಬ್ಬಿಣ ಎತ್ತಿ ಕುಣಿಸಿದ ಕೈ
ಈಗ ಚಿಲ್ಲರೆ ಎಣಿಸುತ್ತದೆ.
ಬೆಂಕಿಯ ಮುಂದೆ ಇಂದ್ರಬೀರ್ ಪುನ್.

ಈ ಪುಣ್ಯಾತ್ಮ ದನ ತಿನ್ನುವುದಿಲ್ಲ.
ಅಜ್ಜ ಪಲ್ಟನ್ನಿನಲ್ಲಿ ಬಂದವನು, ಮೊಮ್ಮಗ ಇಲ್ಲೇ ಹುಟ್ಟಿದವನು,
ಆದರೂ ಮನೆಯ ಮಾತು ಮನೆಯ ಮಾತೇ.
ಉಪ್ಪು ನೋಡಲು ಸೌಟು ನೆಕ್ಕುವವನಲ್ಲ.
ಅಡುಗೆಯೆಲ್ಲ ಕಿವಿಯಲ್ಲಿ.

ಎಣ್ಣೆ ಹೊಗೆಯಾಗುವ ತನಕ ಕಾಯುತ್ತಾನೆ.
ಮಾಂಸ ಬಿದ್ದರೆ ಬಾಣಲೆ ಗೊಣಗಬಾರದು, ಜಗಳಕ್ಕೇ ನಿಲ್ಲಬೇಕು.
ಅರೆಬೆಂದದ್ದನ್ನು ಆಚೆ ತೆಗೆದು
ಈರುಳ್ಳಿ, ಬಾಲ ಚಿವುಟಿದ ಹೆಸರು ಮೊಳಕೆ,
ಆಮೇಲೆ ಬೆರಳಗಲದ ಅಕ್ಕಿ ಪಟ್ಟಿಗಳು, ಬೆವರಿ
ಒಂದನ್ನೊಂದು ತಬ್ಬಿಕೊಂಡವು.
ಸೌಟಿನಿಂದ ಕೆದಕಿದರೆ ಮುರಿಯುತ್ತವೆ,
ಸುಮ್ಮನೆ ಬಿಟ್ಟರೆ ಸೀಯುತ್ತವೆ.
ಅದಕ್ಕೇ ಬಾಣಲೆಯನ್ನೇ ಜಾಡಿಸುತ್ತಾನೆ:
ಇಡೀ ಊಟ ಗಾಳಿಯಲ್ಲಿ ಮಗ್ಗುಲು ಬದಲಿಸಿ
ಬೆಂಕಿಯ ನಾಲಗೆಗೆ ಸಿಕ್ಕೂ ಸಿಗದೆ
ಹಿಂದಿರುಗುತ್ತದೆ.
ಆ ಗಳಿಗೆಗೇ ನಾವು ದುಡ್ಡು ಕೊಡುವುದು.
ಬೆಂಕಿಗೇನು ಗೊತ್ತು ಹದ, ಮಣಿಕಟ್ಟಿಗೆ ಗೊತ್ತು.

ತಟ್ಟೆ ಬಂತು. ಇನ್ನು ಮಾತಿಲ್ಲ.
ಈ ಘಮಕ್ಕೆ ಆಯಸ್ಸು ಐದೇ ನಿಮಿಷ.
ಪಕ್ಕದ ಹುಡುಗಿ ಫೋನು ಎತ್ತಿ, ಓರೆ ಮಾಡಿ, ಮತ್ತೆ ಎತ್ತಿ...
ತಿನ್ನೇ ತಾಯಿ, ಆರುತ್ತಿದೆ!

ಬಾಯಿಗೆ ಮೊದಲು ತಾಗುವುದು ಹೊಗೆ.
ಅದರ ಹಿಂದೆಯೇ ಅಂಚಿನಲ್ಲಿ ಕರಕಾದ ಸೋಯಾ, ಕಹಿಯ ಗಡಿ ಮುಟ್ಟಿ ಬಂದ ಸಿಹಿ,
ಹಲ್ಲಿನ ಜೊತೆ ಹಟ ಹೂಡದ ಮಾಂಸ,
ನಡುವೆಲ್ಲೋ ಕಟಕ್ಕನೆ ಒಂದು ಮೊಳಕೆ.
ಒಲೆಯ ಮುಂದಿಂದ ಇಂದ್ರಬೀರ್ ಒಮ್ಮೆ ತಿರುಗುತ್ತಾನೆ.
ನಾನು ಕಣ್ಣು ಮುಚ್ಚಿದರೆ ಉಪ್ಪು ಸರಿ.
ತೆರೆದೇ ಇದ್ದರೆ ಮುಂದಿನ ತಟ್ಟೆಗೆ ಒಂದು ಚಿಟಿಕೆ.
ಎರಡು ವರ್ಷದಿಂದ ಅವನ ನಾಲಗೆ ನನ್ನ ಬಾಯಲ್ಲಿದೆ,
ಬಾಡಿಗೆ ಮಾತ್ರ ಇಬ್ಬರೂ ಕೇಳಿಲ್ಲ.

ಕಣ್ಣು ಮುಚ್ಚಿದೆ.
ಬಟ್ಟಲಲ್ಲಿ ಬಿಯರು ಸುರಿದುಕೊಂಡೆ, ಇಲ್ಲಿ ಲೋಟದ ರೂಢಿಯಿಲ್ಲ.
ಬೆನ್ನೆಲುಬಿನ ಹದಿನೇಳೂ ಮಹಡಿ ಇಳಿದುಹೋಯಿತು.

ಖಾಲಿ ತಟ್ಟೆ ಮುಸುರೆ ಬಕೀಟಿಗೆ ಸೇರುವ ಮೊದಲು
ಸೀಟೋ ಅದನ್ನು ಟ್ಯೂಬ್‌ಲೈಟಿಗೆ ಓರೆ ಹಿಡಿಯುತ್ತಾನೆ, ಪ್ರತಿ ರಾತ್ರಿ, ಪ್ರತಿ ತಟ್ಟೆ.
ತಳದಲ್ಲಿ ಎಣ್ಣೆ ಹರಿದರೆ ಅಡುಗೆಯವ ಸೋತ ಹಾಗೆ.
ಬರೀ ಹೊಳಪು. ಹನಿಯಿಲ್ಲ.
"ಹೂಂ" ಅನ್ನುತ್ತಾನೆ.
ಹೊಗಳಿಕೆಯ ಖಾತೆಯಲ್ಲಿ ಅವನಿಗಿರುವುದು ಅಷ್ಟೇ.

ಹನ್ನೆರಡೂವರೆಗೆ ದೊಡ್ಡ ಒಲೆ ಆರಿತು.
ನನ್ನ ಫೋನು ಸದ್ಯ ತೆಪ್ಪಗಿದೆ.
ಗೋಡೆಯಲ್ಲಿ ಬೇರೆಯದೇ ಮೊಳೆ, ಅದಕ್ಕೆ
ಹಿಡಿಗೆ ಕೆಂಪು ದಾರ ಕಟ್ಟಿದ ಪುಟ್ಟ ಬಾಣಲೆ;
ದನದ ಮಾಂಸ ಅದಕ್ಕೆ ಸೋಕಿಲ್ಲ.
ತಂದವನು ಮುದುಕ. ಯಾಕೆಂದು ಹೇಳಲಿಲ್ಲ,
ಯಾರೂ ಕೇಳಲಿಲ್ಲ. ಉಜ್ಜುವುದೂ ಅವನೇ.
ಸೋತ ಭುಜಕ್ಕೆ ಇಷ್ಟು ತೂಕ ಇನ್ನೂ ಸಾಧ್ಯ:
ಎರಡು ಮೊಟ್ಟೆ, ತಂಗಳನ್ನ, ಈರುಳ್ಳಿ ಸೊಪ್ಪು.
ಒಮ್ಮೆ ಜಾಡಿಸಿದ. ಹಲ್ಲು ಕಚ್ಚಿ ಇನ್ನೊಮ್ಮೆ.
ನಾಲ್ಕು ಅಗುಳು ನೆಲಕ್ಕೆ.

ಇಂದ್ರಬೀರ್ ನಿಂತೇ ಉಂಡ.
ಆಮೇಲೆ ತಟ್ಟೆಯನ್ನು ಬೆಳಕಿಗೆ ಓರೆ ಹಿಡಿದ.
ಸೀಟೋ ಎಣಿಸಿದ್ದ ಚಿಲ್ಲರೆಯನ್ನೇ ಮತ್ತೆ ಎಣಿಸುತ್ತಿದ್ದ.

ಎಣ್ಣೆ ಜಾರಿತು, ಒಂದು ತೊಟ್ಟು. ನಾನು ಕಂಡೆ.
"ಹೂಂ" ಅಂದ ಇಂದ್ರಬೀರ್.