ಬಾಲದ ಕೆಲಸ

ಹಾಲಿನಿಂದ ಮಾಡಿದ ಅಂಟು ಅದು.
ಕೇಸೀನ್ ಅನ್ನುತ್ತಿದ್ದರು; ನಮ್ಮ ಮೂಗಿಗೆ ಕೆಟ್ಟ ಮೊಸರು.
ಬೆಸ್ಕಿಡ್ ಬೆಟ್ಟಗಳ ಬುಡದ ಆ ಶೆಡ್ಡಿನಲ್ಲಿ
ಗ್ಲೈಡರುಗಳೆಲ್ಲ ಹುಳಿ ನಾರುತ್ತಲೇ ಹುಟ್ಟುತ್ತಿದ್ದವು.
ನಾನು ನಕ್ಷೆ ಬರೆಯುವವಳು. ಹತ್ತೊಂಬತ್ತು ವಯಸ್ಸು.
ಬೊಗುಮಿಲ್ ಬಡಗಿ. ಅವನ ಎಡಗೈಗೆ ಮೂರೇ ಬೆರಳು;
ಆ ಮೂರರಲ್ಲೇ ರೆಕ್ಕೆಯ ಬಾಗು ಅಳೆಯುತ್ತಿದ್ದ,
ಕರುವಿನ ಬೆನ್ನು ಸವರಿದ ಹಾಗೆ.

ರೆಕ್ಕೆಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ.
ಸಪೂರ, ಹದಿನೈದು ಮೀಟರು.
ಉದ್ದವಾದಷ್ಟೂ ತುದಿಯಲ್ಲಿ ಸೋರುವ ಗಾಳಿ ಕಡಿಮೆ,
ತಿರುಗುವುದು ಮಾತ್ರ ನಿಧಾನ,
ಮದುವೆ ಮನೆಯಲ್ಲಿ ಏಣಿ ಹೊತ್ತವನ ಹಾಗೆ.
ಜಗಳವೆಲ್ಲ ಬಾಲದ್ದು.

ಮೊದಲನೆಯದನ್ನು ತಗ್ಗಿನಲ್ಲಿಟ್ಟೆವು, ಎಲ್ಲರೂ ಇಡುವಲ್ಲಿ.
ಗಾಳಿ ಸತ್ತ ದಿನ ಯಾರದೋ ರೈ ಹೊಲದಲ್ಲಿ ಇಳಿದಾಗ
ತೆನೆಗಳು ಅದನ್ನು ಹಿಡಿದು ತಿರುಚಿ ಮುರಿದವು.
ಹೊಲದ ಒಡತಿ ತೆನೆಗೂ ದುಡ್ಡು ಕೇಳಿದಳು.

ಎರಡನೆಯದಕ್ಕೆ ಎರಡೇ ಹಲಗೆ,
ಎರಡು ಬೆರಳು ಬಿಡಿಸಿದ ಹಾಗೆ ಮೇಲಕ್ಕೆ ಚಾಚಿದ್ದು.
ಹಗುರ. ತೆನೆಗೆ ಸಿಗದು. ನೋಡಲು ಚೆಲುವೆ.
ಆದರೆ ಮೂವರ ಕೆಲಸ ಇಬ್ಬರಿಗೆ ಹಚ್ಚಿದರೆ?
ಒರಟು ಗಾಳಿಯಲ್ಲಿ ಅದು ಬಾತುಕೋಳಿಯಂತೆ
ಹಿಂಭಾಗ ಕುಣಿಸುತ್ತ ಹೋಯಿತು.
ಸೆವೆರಿನ್ ಇಳಿದು, ಬೇಲಿಯ ಬಳಿ ವಾಂತಿ ಮಾಡಿ,
"ಚಂದ ಇದೆ," ಎಂದ.

ಮೂರನೆಯದು ಕಂಬದ ತುದಿಯಲ್ಲಿ ಅಡ್ಡಪಟ್ಟಿ.
ರೆಕ್ಕೆ ಕಲಕಿ ಬಿಟ್ಟ ಗಾಳಿ ತಾಗದಷ್ಟು ಎತ್ತರ.
ನಿರ್ದೇಶಕ ಓಲ್ಶಾನ್ಸ್ಕಿ ಕೈ ಉಜ್ಜಿಕೊಂಡ:
ಒಂದು ಮೀಟರ್ ಇಳಿದರೆ ಮೂವತ್ತೊಂದು ಮೀಟರ್ ದೂರ!
ಕರಪತ್ರದಲ್ಲಿ ಆ ಅಂಕಿ ಅಚ್ಚಾಗಿಯೇ ಹೋಯಿತು.

ಅಜ್ಜಿಯ ಹಳೇ ಕೈಗವಸು ಬಿಚ್ಚಿ
ಕೆಂಪು ಉಣ್ಣೆಯ ಎಳೆಗಳನ್ನು ರೆಕ್ಕೆಗೂ ಬಾಲಕ್ಕೂ ಅಂಟಿಸಿದವಳು ನಾನೇ,
ಗಾಳಿ ಎತ್ತ ಹೋಗುತ್ತದೋ ಕಣ್ಣಿಗೆ ಕಾಣಲಿ ಎಂದು.
ಅಕ್ಟೋಬರಿನ ಒಂದು ಬೆಳಿಗ್ಗೆ
ಬೆನ್ನ ಹಿಂದೆ ಮರಳು ಚೀಲ ಕಟ್ಟಿಕೊಂಡು ಸೆವೆರಿನ್ ಏರಿದ,
ಭಾರ ಹಿಂದೆ ಸರಿದರೆ ಏನಾಗುತ್ತದೆ, ನೋಡಲು.

ನೋಡಿದ.
ಮೂತಿ ಎತ್ತಿದಂತೆ ಎತ್ತಿದಂತೆ
ರೆಕ್ಕೆಯ ಹಿಂದಿನ ಕೊಳೆಗಾಳಿ ಮೇಲೇರಿ
ಬಾಲವನ್ನು ಪೂರ್ತಿ ಮುಚ್ಚಿತು.
ಹಿಡಿಕೋಲು ಮುಂದಕ್ಕೆ ತಳ್ಳಿದರೆ
ಖಾಲಿ ಪಾತ್ರೆಯಲ್ಲಿ ಸೌಟು ಆಡಿಸಿದ ಹಾಗೆ.
ಕೆಳಗೆ ನಿಂತ ನಮಗೆ ಅದು ಹಾರುತ್ತಲೂ ಇರಲಿಲ್ಲ,
ಬೀಳುತ್ತಲೂ ಇರಲಿಲ್ಲ;
ತಟ್ಟೆಯಂತೆ ಚಪ್ಪಟೆಯಾಗಿ ಇಳಿಯುತ್ತಿತ್ತು.
ಬೊಗುಮಿಲ್ ಟೋಪಿ ತೆಗೆದ. ಮತ್ತೆ ಹಾಕಿಕೊಂಡ.

ಬೆಲ್ಟು ಬಿಚ್ಚಿ, ಎದೆಯನ್ನು ಮುಂದಿನ ಫಲಕಕ್ಕೆ ಒತ್ತಿ
ಬಾಗಿದನಂತೆ ಅವನು,
ಬಾಗಿಲ ಸಂದಿಯಲ್ಲಿ ಇಣುಕುವವನ ಹಾಗೆ.
ಎಪ್ಪತ್ತು ಕಿಲೋ ಮನುಷ್ಯ, ಒಂದು ಗೇಣು ಮುಂದೆ.
ಮೂತಿ ಬಿತ್ತು. ಕೆದರಿದ್ದ ಎಳೆಗಳು ಮಲಗಿದವು.
ಹಾರಿತು.

ಅಡುಗೆಮನೆಯಲ್ಲಿ ಮಾತಾಡದೆ
ಒಂದು ಜಾಡಿ ಉಪ್ಪುಸೌತೆ ತಿಂದು ಮುಗಿಸಿದ. ಆಮೇಲೆ,
"ಮೂತಿಗೆ ಸೀಸ ಹಾಕಿ."

ಓಲ್ಶಾನ್ಸ್ಕಿ ಕೂಗಾಡಿದ. ಮುಂದೆ ಭಾರ ಇಟ್ಟರೆ
ಬಾಲ ಇನ್ನಷ್ಟು ಕೆಳಕ್ಕೆ ಒತ್ತಬೇಕು,
ಆ ಒತ್ತನ್ನೂ ರೆಕ್ಕೆಯೇ ಹೊರಬೇಕು,
ಮೂವತ್ತೊಂದು ಮೂವತ್ತಾಗುತ್ತದೆ,
ಕರಪತ್ರ ಏನು ಮಾಡಲಿ?
ಹತ್ತು ತಿಂಗಳು ಬಾಲಗಳನ್ನೇ ಬರೆದ ನನಗೆ
ಅದು ಎತ್ತುತ್ತದೆ ಎಂದೇ ಇತ್ತು.
"ಎತ್ತುವುದೆಲ್ಲಿ ಬಂತು," ಎಂದ ಬೊಗುಮಿಲ್,
"ಕೆಳಕ್ಕೆ ಒತ್ತಿ ಕೂರುವುದಕ್ಕೇ ಅದಕ್ಕೆ ಸಂಬಳ."

ಊರಲ್ಲಿ ಸೀಸ ಸಿಗಲಿಲ್ಲ.
ಅವನು ತನ್ನ ಗಾಳದ ಗುಂಡುಗಳನ್ನು ತಂದ,
ನದಿಬದಿಯ ಮುದುಕರನ್ನೆಲ್ಲ ಕಾಡಿ ಅವರವನ್ನೂ.
ನಾಲ್ಕು ಕಿಲೋ, ಕರಗಿಸದೆ, ಹಾಗೇ ಚೀಲ ಹೊಲಿದು ತುಂಬಿದೆವು.
ಮುಂದಿನ ಬೇಸಿಗೆ ಸೋವಾ ನದಿಯ ಮೀನುಗಳು ಕೊಬ್ಬಿದವು.

ಈಗ ಅರ್ಜೆಂಟೀನಾದಿಂದ ಒಂದು ಕಾಗದ.
ಹಳೇ ಗ್ಲೈಡರ್ ಬಿಚ್ಚಿದ ಯಾವನೋ ಹುಡುಗ ಕೇಳುತ್ತಾನೆ:
ಮೂತಿಯಲ್ಲಿ ಮೀನುಗಾಳದ ಗುಂಡುಗಳಿವೆ,
ತೆಗೆದುಬಿಡಲೇ?

ಕಾರ್ಡಿನಲ್ಲಿ ಜಾಗ ಕಡಿಮೆ.
ಬೇಡ, ಎಂದು ಬರೆದು ಎರಡು ಸಲ ಅಡಿಗೆರೆ ಎಳೆದೆ.
ಹಿಂಬದಿಯಲ್ಲಿ, ಕೈ ನಡುಗುತ್ತಿದ್ದರೂ, ಒಂದು ಬಾಲ.
ಅದರ ಮೇಲಿಂದ ಕೆಳಕ್ಕೆ
ಒಂದು ಬಾಣ.