ಮಲಕೋ

ಹಳದೋಣೆಯ ಸಿಸ್ಟರುಗಳ ಮನಿ. ಮೂರು ದಿನದ ಧ್ಯಾನ.
ನಿಮ್ಮ ಪ್ರಾಣಿಯದೇನಾದರೂ ತರ್ರಿ ಅಂತ ಚೀಟಿ ಬಂದಿತ್ತು.
ಹಡಗಿನಾಗ ಅಡಗಿ ಮಾಡತಿದ್ದ ಮುದುಕ ಗಿಳಿಯ ಖಾಲಿ ಪಂಜರ ತಂದ,
ಕಾಲೇಜಿನ ಹುಡುಗ ಬೆಕ್ಕಿನ ಮೀಸಿ, ಒಂದೇ ಒಂದು ಕೂದಲು,
ಬೆಂಕಿಪೊಟ್ಟಣದಾಗ.
ನಾ ಏನು ತರಲಿ?
ಮಾಪ್ಸಾದ ನಾಯಿ ಆಸ್ಪತ್ರಿಯೊಳಗ ಹನ್ನೊಂದು ವರ್ಷ
ನನ್ನ ಕೆಲಸ ಮುಂಗಾಲು ಹಿಡಿಯೂದು.
ಡಾಕ್ಟರು ಸೂಜಿ ಚುಚ್ಚತಾರ, ನಾ ಹಿಡೀತೀನಿ.
ಯಾವುದರದಂತ ತರಲಿ? ಬರಿಗೈಲೆ ಬಂದೆ,
ಡೆಟಾಲಿನ ವಾಸನಿ ಬಿಟ್ಟರ ಖರೇನ ಬರಿಗೈ.

ನಮ್ಮ ಡಾಕ್ಟರ್ ಊರ್ಮಿ ಬಾಯಿ ಎರಡು ದಿನ ನಿದ್ದಿನ ಮಾಡಿದರು.
ಊಟದ ಗಂಟಿ ಬಾರಿಸಿದರ ಬೆಚ್ಚಿ ಎದ್ದು "ಎಷ್ಟನೇ ಕೇಸು?" ಅಂದರು.
ಯಾರೂ ನಗಲಿಲ್ಲ. ಒಬ್ಬ ಸಿಸ್ಟರ್ ಬಂದು ಹೊದಿಕಿ ಎಳೆದಳು.

ದ್ಯಾಮವ್ವ ಅನ್ನಾಕ ಅವರ ನಾಲಿಗಿ ಹೊರಳೂದಿಲ್ಲ.
ಡಯಾನಾ ಅಂದುಬಿಟ್ಟರು. ಇರಲಿ, ಮೂರು ದಿನದ ಮಟ್ಟಿಗೆ.

ಪ್ರಾರ್ಥನಾ ಕೋಣಿಯೊಳಗ ಒಬ್ಬ ಸಂತ, ತೊಡಿ ಮ್ಯಾಲೆ ಹುಣ್ಣು,
ಕಾಲ ಬುಡಕ ರೊಟ್ಟಿ ಕಚ್ಚಿ ನಿಂತ ಮರದ ನಾಯಿ,
ಅದರ ಒಂದು ಕಿವಿಗೆ ಗೆದ್ದಲು ಹಿಡದೈತಿ.
ಹುಣ್ಣು ನೆಕ್ಕಿ ವಾಸಿ ಮಾಡಿತಂತ ಪಾದ್ರಿ ಕಾಯ್ತಾನ್ ಹೇಳಿದ.
ನಾ ಹೇಳಿದೆ: ನಮ್ಮ ಮೈಲಾರಲಿಂಗಗೂ ನಾಯಿ ಅದಾವ್ರಿ.
ನಮ್ಮಜ್ಜ ಒಗ್ಗಯ್ಯ, ಕಂಬಳಿ ಹೊದ್ದು,
ದೋಣಿಯೊಳಗಿನ ಹಾಲು-ಬಾಳಿಹಣ್ಣಿಗೆ ಬಾಯಿ ಹಾಕಿ ಬೊಗಳತಿದ್ದ,
ಬಾಜೂದವನ ಸಂಗಟ ಕಚ್ಚಾಡತಿದ್ದ.
ನಕ್ಕರ ಅವ್ವ ನಮ್ಮ ಬಾಯಿ ಮುಚ್ಚತಿದ್ದಳು:
ಅಜ್ಜ ಅಲ್ಲ ಅದು, ಈಗ ದೇವರ ನಾಯಿ.
ಪಾದ್ರಿ ಕನ್ನಡಕ ತೆಗೆದ. ಬೊಗಳಿ ತೋರಿಸು ಅನ್ನಲಿಲ್ಲ.
ಅಷ್ಟಕ್ಕ ಅಂವ ನಂಗ ಹಿಡಿಸಿದ.

"ಅವಕ್ಕ ಆತ್ಮ ಐತೇನ್ರಿ?" ಮುದುಕ ಕೇಳಿದ.
ಪಾದ್ರಿ ಭಾಳೊತ್ತು ಪಂಜರ ನೋಡಿದ.
"ಪುಸ್ತಕದಾಗ ಹುಡುಕೀನಿ," ಅಂದ. ಮುಂದ ಹೇಳಲಿಲ್ಲ.

ಎರಡನೇ ರಾತ್ರಿ, ಬಾಂವಿ ಕಟ್ಟಿ ಮ್ಯಾಲೆ ಎರ್ಮೆಲಿಂಡಾ ಬಾಯಿ.
ಕೈಯಾಗ ಕೆಂಪು ಪಟ್ಟಿ, ಅದಕ್ಕೊಂದು ಗೆಜ್ಜಿ.
ಬೊಲೀನ್ ಅಂತ ಹೆಸರಂತ, ತೆಂಗಿನ ಬಿಸ್ಕೀಟಿನ ಬಣ್ಣ.
"ಮಾರ್ಚಿನಾಗ ನಿಮ್ಮಲ್ಲಿಗೇ ತಂದಿದ್ದೆ. ಒಳಗ ಬರಾಕ ಆಗಲಿಲ್ಲ.
ಕಾರಿನಾಗ ಕುಂತು ರೇಡಿಯೋ ದೊಡ್ಡದು ಮಾಡಿದೆ.
ನಿನಗ ನೆನಪೈತೇನು?"

ಮಾರ್ಚಿನಾಗ ನಲವತ್ತೊಂದು. ರಿಜಿಸ್ಟರು ನಾನೇ ಬರೆಯೂದು.
ಹ್ಞೂಂ ಅನ್ನಬಹುದಿತ್ತು. ಬಾಯಿ ತನಕ ಬಂದದ್ದು ನುಂಗಿದೆ.
"ನೆನಪಿಲ್ಲರೀ. ಆದರ ಹಿಡದಾಕಿ ನಾನ.
ಎಲ್ಲಾವಕ್ಕೂ ಒಂದ ಮಾತು ಹೇಳತೀನಿ, ಕಿವಿಯೊಳಗ."
"ಏನಂತ?"
"ಮಲಕೋ ನನ್ನವ್ವಾ. ಗಂಡಾದರೂ ಅವ್ವನ."

ಆಕಿ ಅಳಲಿಲ್ಲ. ಸಿಟ್ಟಾದಳು.
"ಅದಕ್ಕ ಕನ್ನಡ ಬರತಿರಲಿಲ್ಲ!
ಹದಿಮೂರು ವರ್ಷ ಪೋರ್ತುಗೀಸಿನಾಗ ಮಾತಾಡಿಸೀನಿ,
ಬೈಯೂದಿದ್ದರ ಕೊಂಕಣಿ.
ಕಡೀ ಮಾತು ತಿಳೀದಂಗ ಹೋತಲ್ಲ."
ಖರೇ. ಹನ್ನೊಂದು ವರ್ಷ ಇದು ನಂಗ ಹೊಳದಿರಲಿಲ್ಲ.
ಬಾಂವಿಯೊಳಗ ಕಪ್ಪಿ ಒದರತಿತ್ತು. ಸುಮ್ಮನ ಕುಂತಿವಿ.
ಎಷ್ಟೋ ಹೊತ್ತಿಗೆ ಆಕಿ, ನಾಲಿಗಿ ತಡವರಿಸಿ: "ಮೊಲೊಕೊ?"
"ಮಲಕೋ."
"ಮಲಕೋ," ಅಂತ ಗೆಜ್ಜಿಗೆ ಹೇಳಿದಳು.
ನೀವೇನ ಅಂತಿದ್ರಿ, ಕೇಳಿದೆ.
ಆಕಿ ಹೇಳಿದ್ದು ಸಣ್ಣ ಮಾತು, ಮೂಗಿನಾಗ ಮುಗಿಯೂದು.
ಅಂಗೈ ಮ್ಯಾಲೆ ಪೆನ್ನಿಲೆ ಬರಕೊಂಡೆ, ಕನ್ನಡದಾಗ.

ಸೋಮವಾರ ಕೈ ತೊಳದಾಗ ಅಳಸಿತು.
ಟೇಬಲ್ಲಿನ ಮ್ಯಾಲೆ ಕಂದು ನಾಯಿ, ಲಾರಿಗೆ ಸಿಕ್ಕದ್ದು,
ಮೀನು ಮಾರ್ಕೆಟ್ಟಿಂದು, ಯಾರದೂ ಅಲ್ಲ.
ಇದಕ್ಕ ಯಾವ ಭಾಷಾ ಬರತೈತೋ.
ಮೊದಲು ಕೊಂಕಣಿಲೆ ಹೇಳಿದೆ. ಆಮ್ಯಾಲೆ ಆಕೀದು,
ತಪ್ಪೊಪ್ಪು, ನೆನಪಿದ್ದಷ್ಟು.
ಊರ್ಮಿ ಬಾಯಿ ಸೂಜಿ ಹಿಡಕೊಂಡು ನಿಂತಿದ್ದರು.
"ಆತೇನ, ದ್ಯಾಮವ್ವಾ?"
"ಇನ್ನೂ ಒಂದೈತ್ರಿ," ಅಂದೆ.