ಮೂವತ್ತಾರನೆಯ ಗುಂಡಿ

ಅಕ್ಟೋಬರ್ ಹುಟ್ಟುತ್ತಲೇ ಶೆಪರ್ಟನ್ನಿನ ಈ ಶಾಲೆಗೆ
ಮೈಮೇಲೆ ಬಂದ ಹಾಗಾಗುತ್ತದೆ.
ಸೋಮವಾರ ಈಜು. ಗಾಲಿಕುರ್ಚಿ ಎಂಟು, ನೀರಿಗಿಳಿಸುವ ಯಂತ್ರ ಒಂದು.
ಅದೂ ನಡುವೆ ಕೆಟ್ಟು ನಿಂತು, ಇಸ್ರಾ
ಕಾಲು ಗಂಟೆ ಕೊಳದ ಮೇಲೆ ಜೋಲಿಯಲ್ಲಿ ತೂಗಿದಳು, ಕೇಕೆ ಹಾಕುತ್ತ.
ಅತ್ತದ್ದು, ಇಳಿಸಿದ ಮೇಲೆ.

ಮಂಗಳವಾರ ಕ್ರಿಸ್‌ಮಸ್ ನಾಟಕದ ತಾಲೀಮು.
ದೇವದೂತರು ಹನ್ನೊಂದು ಮಂದಿ, ಕುರಿ ಬೇಕಾದಷ್ಟು,
ಒಂಟೆಯ ಹಿಂಗಾಲಾಗಲು ಮಾತ್ರ ಒಬ್ಬರೂ ಒಲ್ಲರು.
ಬುಧವಾರ ಪ್ರಗತಿಪತ್ರ. ಪ್ರತಿ ಹೆಸರಿನ ಮುಂದೆ ಮೂರೇ ಚೌಕ:
ತಾನಾಗಿ; ನೆರವಿನಿಂದ; ಇನ್ನೂ ಕಲಿಯಬೇಕು.
ಹದಿನಾಲ್ಕು ವರ್ಷವಾಯಿತು ಈ ದೇಶಕ್ಕೆ ಬಂದು,
ನನ್ನ ಹೆಸರಿದ್ದಿದ್ದರೆ ಯಾವುದಕ್ಕೆ ಗುರುತು ಹಾಕುತ್ತಿದ್ದೆನೋ.
ಗುರುವಾರ ಯಾರ ಕೈಗೂ ಸಿಕ್ಕಿದ್ದಿಲ್ಲ.

ಇದೆಲ್ಲದರ ನಡುವೆ ರೊಕ್ಕೋ.
ಗೋಕಾಕಿನ ನಮ್ಮವ್ವ ಫೋನಿನಲ್ಲಿ ಕೇಳಿ ನಕ್ಕಿದ್ದಳು,
'ರೊಕ್ಕ ಅಂತ ಯಾರರ ಹೆಸರಿಡ್ತಾರೇನವಾ?'
ಹದಿನೆಂಟು ತುಂಬಿತು; ಡಿಸೆಂಬರಿಗೆ ಶಾಲೆಯ ಋಣ ತೀರಿತು.
ಬಾಯಿಂದ ಮಾತಿಲ್ಲ. ಕೊರಳಿಗೆ ತೂಗುಬಿಟ್ಟ ಟ್ಯಾಬ್ಲೆಟ್ಟಿನಲ್ಲಿ
ಆರು ಸಾಲು, ಸಾಲಿಗೆ ಆರು ಗುಂಡಿ.
ಒತ್ತಿದರೆ ಯಾವನೋ ಬಾಡಿಗೆ ಹುಡುಗನ ದನಿ:
ನೀರು. ನೋವು. ಫುಟ್‌ಬಾಲ್. ನೊನ್ನಾ. ಬೇಡ.
ಮೂವತ್ತೈದು ತುಂಬಿದ್ದವು.

ಉಳಿದ ಒಂದಕ್ಕೆ ಮೂರು ಮೀಟಿಂಗು.
'ದಯವಿಟ್ಟು' ಇರಲಿ ಎಂದರು ಪ್ರಿನ್ಸಿಪಾಲರು.
'ನಿಧಾನವಾಗಿ ಹೇಳಿ' ಎಂದಳು ಮಾತು ಕಲಿಸುವ ಬ್ರಿಯೋನಿ.
'ಬಸ್ಸು ತಪ್ಪಿತು' ಎಂದಳು ತಾಯಿ, ಕಿಟಕಿಯಾಚೆ ನೋಡುತ್ತ.
ಗ್ಲೆನಿಸ್ ಟೀಚರಿಗೆ ಇದು ಕೊನೆಯ ವರ್ಷ, ಚಹಾಕ್ಕೆ ಬಿಸ್ಕತ್ತು ಅದ್ದುತ್ತ:
'ಒಂದು ಬೈಗುಳವಿರಲಿ. ಹೊರಗೆ ಬೇಕಾಗುತ್ತದೆ.'
ಕಡೆಗೆ ರೊಕ್ಕೋನನ್ನೂ ಕೇಳಿದೆವು.
ಅವನು ಫ್ಯಾನು ನೋಡುತ್ತಿದ್ದ.

ನವೆಂಬರಿನ ಕೊನೆಯ ಶುಕ್ರವಾರ, ನಲವತ್ತೊಂದು ಡಿಗ್ರಿ.
ಅಡುಗೆ ಪಾಠದಲ್ಲಿ ಏಪ್ರಿಕಾಟ್ ಜ್ಯಾಮು ಕುದಿಯುತ್ತಿದೆ,
ಮಿಕ್ಸರ್ ಅರಚುತ್ತಿದೆ, ಯಾರದೋ ಹಲ್ಲು ಯಾರದೋ ತೋಳಿನಲ್ಲಿ,
ಸಹಿಯಾಗದ ಫಾರಮ್ಮು ಹುಡುಕಿಕೊಂಡು ಆಫೀಸಿನವರು ಬಾಗಿಲಲ್ಲಿ,
ಮೇಲಿಂದ, ಬೆಂಕಿ ಬಿದ್ದರೆ ಓಡುವ ತಾಲೀಮಿನ ಗಂಟೆ.
ನನ್ನ ಬಾಯಿಂದ, ಯಾರಿಗೂ ಅಲ್ಲ, ಉದುರಿತು:
ಸಾಕು.

ರೊಕ್ಕೋ ತಿರುಗಿದ.
ಜ್ಯಾಮಿನ ಅಂಟುಗೈಯಲ್ಲಿ ನನ್ನ ಬೆರಳು ಹಿಡಿದು
ಖಾಲಿ ಗುಂಡಿಯ ಮೇಲಿಟ್ಟ, ಒತ್ತಿದ,
ದನಿ ತುಂಬಿಕೊಡುವ ತನಕ ಬಿಡಲಿಲ್ಲ.

ಹಿಂಗಾಲೂ ಅವನೇ ಆದ, ಯಾರೂ ಕೇಳದೆ.
ಮುಂದೆ ಇಸ್ರಾ ಕುರ್ಚಿಯಲ್ಲಿ, ಹಿಂದಿನಿಂದ ಇವನು ತಳ್ಳುತ್ತ,
ನಡುವೆ ಕಂದು ಕಂಬಳಿ: ಗಾಲಿಯಿದ್ದ ಒಂಟೆ.
ಪ್ರಿನ್ಸಿಪಾಲರ ಭಾಷಣ ಇಪ್ಪತ್ತನೆಯ ನಿಮಿಷಕ್ಕೆ ಬಂದಾಗ
ಒಂಟೆಯ ಹೊಟ್ಟೆಯೊಳಗಿಂದ ನನ್ನ ದನಿ,
ಗೋಕಾಕಿನ ಗಂಟಲು, ಮೈಕನ್ನೂ ಮೀರಿ:
ಸಾಕು.
ಸಭೆಯಲ್ಲಿ ಆ ಭಾಷೆ ಬಲ್ಲವಳು ನಾನೊಬ್ಬಳೇ.
ಭಾಷಣ ನಿಂತಿತು.

ಆಮೇಲೆ ಅವನ ಅಜ್ಜಿ, ಅದೇ ನೊನ್ನಾ, ಬಂದು ಕೇಳಿದಳು, ಏನದು?
ತುಂಬಿತು, ಇನ್ನು ಬೇಡ ಅಂತ, ಎಂದೆ.
ತಲೆದೂಗಿ, ಚೀಲದಿಂದ ಮನೆಯ ಟೊಮೆಟೊ ಸಾಸಿನ ಬಾಟಲಿ ತೆಗೆದು ಕೊಟ್ಟಳು.
ಅದಕ್ಕೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆ ಎನ್ನಲು ಬಾಯಿ ತೆರೆದೆ.
ಅವನ ಗಲ್ಲದ ಜೊಲ್ಲನ್ನು ತೋಳಂಚಿನಿಂದ ಒರೆಸುತ್ತಿದ್ದಳು ಆಕೆ,
ಅತ್ತ ನೋಡದೆಯೇ, ನನ್ನೊಡನೆ ಮಾತಾಡುತ್ತಲೇ.
ಸುಮ್ಮನಾದೆ.

ಈಗ ಜನವರಿ. ಶಾಲೆಗೆ ಬೀಗ.
ನಾನಿಲ್ಲದ ಕಡೆಯೂ ಈ ಊರಲ್ಲಿ ನನ್ನ ದನಿ ಓಡಾಡುತ್ತಿದೆ.
ಮೊನ್ನೆ ತರಕಾರಿ ಚೀಲ ಹಿಡಿದು ಕ್ಷೌರದಂಗಡಿ ದಾಟುವಾಗ
ಒಳಗಿಂದ ಕೇಳಿತು, ಒಮ್ಮೆ, ಇನ್ನೊಮ್ಮೆ ಜೋರಾಗಿ.
ಕತ್ತರಿಯ ಸದ್ದು ನಿಂತಿತು.
ಗುರುವಾರವಿರಬೇಕು ಅವತ್ತು.